70–0 ಆಗುವವರೆಗೂ ಗಡಿಯಾರ ನಿಲ್ಲಿಸಿ ನಿಲ್ಲಿಸಿ ಆಡಿಸಬೇಕಾ?

ಟೆಕ್ಸಾಸಿನ ಹೈಸ್ಕೂಲ್ ಆಟಗಳಿಗೆ ನಿಯಮ ಮಾಡುವ ಹಿರಿಯರಿಗೆ, ಹಾಗೇ ಡಲ್ಲಾಸ್, ಫೋರ್ಟ್ ವರ್ತ್ ಸುತ್ತಮುತ್ತ ಇರುವ ನಮ್ಮ ಕನ್ನಡದ ಮನೆಗಳಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಕೇಳುತ್ತಿರುವುದು ಒಂದೇ. ಹನ್ನೊಂದು ಮಂದಿಯ ಫುಟ್‌ಬಾಲ್ ಪಂದ್ಯದಲ್ಲಿ ಒಂದು ತಂಡ ಅರ್ಧ ಆಟದ ಹೊತ್ತಿಗೇ 40 ಅಂಕಕ್ಕಿಂತ ಜಾಸ್ತಿ ಹಿಂದೆ ಬಿದ್ದಿದ್ದರೆ, ಉಳಿದ ಆಟಕ್ಕೆ ಗಡಿಯಾರ ನಿಲ್ಲಿಸದೆ ಓಡಿಸಿ ಅಂತ ಕೇಳುವ ಹಕ್ಕು ಆ ಸೋಲುತ್ತಿರುವ ತಂಡದ ಕೋಚ್‌ಗೆ ಇರಲಿ. ಅವರೊಬ್ಬರು ಕೇಳಿದರೆ ಸಾಕು ಅನ್ನಿ. ಎದುರಿನವರ ಒಪ್ಪಿಗೆ ಬೇಡ.

ಇದನ್ನೇ ಇಂಗ್ಲಿಷಿನಲ್ಲೂ ಬರೆದು ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಫ್ರಿಸ್ಕೋ, ಪ್ಲೇನೋ, ಅರ್ವಿಂಗ್ ಕಡೆ ಶುಕ್ರವಾರ ರಾತ್ರಿ ಸ್ಟೇಡಿಯಮ್ಮಿಗೆ ಹೋಗಿ ಕೂತರೆ ಈಗ ಹಿಂದಿನ ಸಾಲಿನಿಂದ ಕನ್ನಡ ಕೇಳಿಸುತ್ತದೆ. ನಮ್ಮ ಮಕ್ಕಳು ಜಾಸ್ತಿ ಬ್ಯಾಂಡಿನಲ್ಲಿದ್ದಾರೆ, ಕೆಲವರು ಅರ್ಧ ಆಟದಲ್ಲಿ ಕುಣಿಯುವ ಡ್ರಿಲ್ ಟೀಮಿನಲ್ಲಿ, ಈಚೆಗೆ ಒಬ್ಬಿಬ್ಬರು ಹೆಲ್ಮೆಟ್ ಹಾಕಿಕೊಂಡು ಅಂಗಳಕ್ಕೂ ಇಳಿದಿದ್ದಾರೆ. ನನ್ನ ಮಗಳು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಅವಳನ್ನು ನೋಡಲು ಹೋಗಿ ಹೋಗಿ ನನಗೆ ಈ ಆಟ ಹಿಡಿಸಿತು. ಅವಳು ಕಾಲೇಜಿಗೆ ಹೋಗಿ ಆಯಿತು, ನಾನು ಮಾತ್ರ ಹೋಗುವುದು ಬಿಟ್ಟಿಲ್ಲ. ಆ ಶಾಲೆಯ ತಂಡ ನನ್ನ ತಂಡ. ಅದು ಗೆಲ್ಲುವುದು ಕಡಿಮೆ, ಆದರೂ ನನ್ನ ತಂಡ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ, ಅಮೆರಿಕದವರ ಫುಟ್‌ಬಾಲ್. ತಲಾ ಹನ್ನೊಂದು ಮಂದಿ, 100 ಗಜದ ಅಂಗಳ, 12 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಹಿಡಿದು ಎದುರಿನವರ ತುದಿ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರೆ ಇನ್ನೊಂದು ಅಂಕ. ಲೆಕ್ಕಕ್ಕೆ 48 ನಿಮಿಷದ ಆಟ. ಆದರೆ ಮನೆಗೆ ಬರುವಾಗ ಹತ್ತು ಗಂಟೆ ದಾಟಿರುತ್ತದೆ, ಯಾಕೆಂದರೆ ಗಡಿಯಾರ ಪದೇ ಪದೇ ನಿಲ್ಲುತ್ತದೆ. ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಟೈಮ್‌ಔಟ್ ಕೇಳಿದರೆ ನಿಲ್ಲುತ್ತದೆ. ಯಾರಾದರೂ ಅಂಕ ಗಳಿಸಿದರೆ ನಿಲ್ಲುತ್ತದೆ. ಕೊನೆಯದನ್ನು ಸ್ವಲ್ಪ ಗಮನಿಸಿ. ಎದುರಿನವರು ಅಂಕ ಗಳಿಸಿದಷ್ಟೂ ಗಡಿಯಾರ ನಿಲ್ಲುತ್ತಾ ಹೋಗುತ್ತದೆ, ಅಂದರೆ ಒಂದು ತಂಡ ಎಷ್ಟು ಕೆಟ್ಟದಾಗಿ ಸೋಲುತ್ತದೋ ಅಷ್ಟು ಹೆಚ್ಚು ಹೊತ್ತು ಅದು ಅಂಗಳದಲ್ಲಿ ನಿಂತಿರಬೇಕು. ಕ್ರಿಕೆಟ್‌ನಲ್ಲಾದರೆ ಸಾಕೆನಿಸಿದಾಗ ಡಿಕ್ಲೇರ್ ಮಾಡುವ ಅವಕಾಶ ಇದೆ. ಇಲ್ಲಿ ಮುಂದಿರುವವರಿಗೂ ಅದಿಲ್ಲ, ಹಿಂದಿರುವವರಿಗೂ ಇಲ್ಲ.

ನಮ್ಮದು ಹೋಮ್‌ಕಮಿಂಗ್ ಪಂದ್ಯ. ಟೆಕ್ಸಾಸಿನಲ್ಲಿ ಹೋಮ್‌ಕಮಿಂಗ್ ಅಂದರೆ ಸಣ್ಣ ಹಬ್ಬವಲ್ಲ. ಹುಡುಗಿಯರು ಎದೆಯ ಮೇಲೆ ದೊಡ್ಡ ಸೇವಂತಿಗೆ ಹೂವಿನ ಮಮ್ ಕಟ್ಟಿಕೊಂಡು ಬರುತ್ತಾರೆ. ಈಗ ಅದು ಬಟ್ಟೆಯ ಹೂವು, ಅದರಿಂದ ಮೊಣಕಾಲಿನವರೆಗೆ ಇಳಿಬಿಟ್ಟ ರಿಬ್ಬನ್ನು, ಗೆಜ್ಜೆ, ಪುಟ್ಟ ಟೆಡ್ಡಿ ಬೇರ್, ನಡೆದರೆ ಘಲ್ ಘಲ್ ಅನ್ನುತ್ತದೆ. ಹಳೆಯ ವಿದ್ಯಾರ್ಥಿಗಳು ಬಂದಿರುತ್ತಾರೆ. ಅಂಥ ರಾತ್ರಿ ನಮ್ಮವರು ಮೊದಲ ಕ್ವಾರ್ಟರಿನಲ್ಲೇ ನಾಲ್ಕು ಟಚ್‌ಡೌನ್ ಬಿಟ್ಟುಕೊಟ್ಟರು. ಅರ್ಧ ಆಟಕ್ಕೆ 49–0. ಮೂರನೇ ಕ್ವಾರ್ಟರ್ ಮುಗಿದಾಗ 63–0. ಕೊನೆಗೆ 70–0.

ಎದುರಿನ ಶಾಲೆಯ ಹೆಸರು ಹೇಳುವುದಿಲ್ಲ. ಬೇಕಾಗಿಯೂ ಇಲ್ಲ. ಅವರು ಮೋಸ ಮಾಡಲಿಲ್ಲ, ನಮ್ಮನ್ನು ಆಡಿಕೊಳ್ಳಲಿಲ್ಲ. ಅವರ ಹುಡುಗರು ಚೆನ್ನಾಗಿ ಆಡಿದರು. ನನಗೆ ತಡೆಯಲಾಗದೆ ಹೋಗಿದ್ದು ಬೇರೆ. ಅರ್ಧ ಆಟ ಮುಗಿದು ತಂಡಗಳು ಹೊರಗೆ ಬಂದಾಗ ನಮ್ಮ ಕೋಚ್ ರೆಫರಿ ಹತ್ತಿರ ಹೋಗಿ ಮಾತಾಡಿದರು. ರೆಫರಿ ಆ ಕಡೆ ಹೋದರು. ವಾಪಸ್ ಬಂದು ತಲೆ ಅಲ್ಲಾಡಿಸಿದರು. ಬೇಲಿಯ ಪಕ್ಕದಲ್ಲೇ ನಿಂತಿದ್ದ ನಮಗೆಲ್ಲ ಗೊತ್ತಾಯಿತು, ಗಡಿಯಾರ ಓಡಿಸೋಣ ಅಂತ ಇವರು ಕೇಳಿದ್ದಾರೆ, ಅವರು ಮೂರನೇ ಕ್ವಾರ್ಟರ್ ಆಗಲಿ ಆಮೇಲೆ ನೋಡೋಣ ಅಂದಿದ್ದಾರೆ. ಅವರಿಗೂ ಒಂದು ಕಾರಣ ಇತ್ತು, ಬೆಂಚಿನಲ್ಲಿ ಕೂತ ಹುಡುಗರಿಗೆ ಆಡುವ ಅವಕಾಶ ಕೊಡಬೇಕಿತ್ತು. ಆ ಕಾರಣ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಹದಿನೈದು ಇಪ್ಪತ್ತು ನಿಮಿಷದ ಬೆಲೆ ಕಟ್ಟಿದವರು ನಮ್ಮ ಹುಡುಗರು, ಕಟ್ಟಬೇಕಾ ಬೇಡವಾ ಅಂತ ತೀರ್ಮಾನ ಮಾಡಿದವರು ಅವರ ಕೋಚ್.

ಬೆಲೆ ಅಂದೆ. ಏನು ಬೆಲೆ ಅಂತ ಹೇಳುತ್ತೇನೆ.

ನಮ್ಮ ಬದಿಯಲ್ಲಿ ಆ ರಾತ್ರಿ ಜೆರ್ಸಿ ತೊಟ್ಟವರು ಮೂವತ್ತು ಮಂದಿಯೂ ಇರಲಿಲ್ಲ. ಎದುರು ಬದಿಯಲ್ಲಿ ಹುಡುಗರು ಮೂರು ಸಾಲಾಗಿ ನಿಂತಿದ್ದರು. ಅವರಿಗೆ ದಾಳಿಗೆ ಒಂದು ಹನ್ನೊಂದು, ರಕ್ಷಣೆಗೆ ಇನ್ನೊಂದು ಹನ್ನೊಂದು, ಚೆಂಡು ಒದೆಯುವುದಕ್ಕೆ ಬೇರೆಯದೇ ತಂಡ. ನಮ್ಮಲ್ಲಿ ಏಳೆಂಟು ಹುಡುಗರು ಎಲ್ಲದಕ್ಕೂ ಅವರೇ. ಚೆಂಡು ನಮ್ಮ ಕೈಲಿದ್ದಾಗಲೂ ಆಡಬೇಕು, ಅವರ ಕೈಲಿದ್ದಾಗಲೂ ಆಡಬೇಕು. ಅದರಲ್ಲಿ ಒಬ್ಬ ಹಾಸನದ ಕಡೆಯ ಕುಟುಂಬದವನು, ನಮ್ಮ ಬೀದಿಯಲ್ಲೇ ಮನೆ. ಸೆಂಟರ್ ಆಡುತ್ತಾನೆ, ರಕ್ಷಣೆಯಲ್ಲಿ ಮುಂದಿನ ಸಾಲಿನ ಟ್ಯಾಕಲ್ ಕೂಡ ಅವನೇ. ಸೆಂಟರ್ ಅಂದರೆ ಪ್ರತಿ ಸಲ ಬಗ್ಗಿ ಚೆಂಡು ಹಿಂದಕ್ಕೆ ಕೊಟ್ಟು, ಮರುಕ್ಷಣವೇ ತನಗಿಂತ ತೂಕದವನನ್ನು ಎದೆಯಲ್ಲಿ ತಡೆಯಬೇಕು. ಪಂದ್ಯ ಮುಗಿದ ಮೇಲೆ ಅವನು ಬೇಲಿಯ ಹತ್ತಿರ ಬಂದ. ಬೆರಳುಗಳಿಗೆ ಸುತ್ತಿದ್ದ ಬಿಳಿ ಟೇಪು ಕಿತ್ತು ಜೋತಾಡುತ್ತಿತ್ತು. ಮೊಣಕೈಯಿಂದ ಕೆಳಗೆ ಟರ್ಫಿನ ಕಪ್ಪು ರಬ್ಬರಿನ ಕಾಳುಗಳು ಬೆವರಿಗೆ ಅಂಟಿಕೊಂಡಿದ್ದವು, ಚರ್ಮ ತರಚಿದ ಕಡೆ ಒಳಗೇ ಸಿಕ್ಕಿಕೊಂಡಿದ್ದವು. ಮೊಣಕಾಲಿಗೆ ಐಸ್ ಚೀಲ ಇಟ್ಟು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಅವನ ತಾಯಿ ನನ್ನ ಕಡೆ ತಿರುಗಿ, "ಅಣ್ಣಾ, ಅವನ ಕೈ ನೋಡಿ" ಅಂದರು. ಅಷ್ಟೇ ಅಂದರು. ಹುಡುಗ ಮಾತ್ರ, "ಅಂಕಲ್, ಸೋತಿದ್ದಕ್ಕಲ್ಲ. ಮೂರನೇ ಕ್ವಾರ್ಟರ್ ಮುಗಿಯೋದೇ ಇಲ್ವೇನೋ ಅನ್ನಿಸ್ತು" ಅಂದ.

ದಣಿದವನಿಗೆ ಪೆಟ್ಟು ಬೀಳುವುದು ಬೇಗ. ಕಾಲು ಸೋತಾಗ ಹುಡುಗ ತಲೆ ಬಗ್ಗಿಸಿ ನುಗ್ಗುತ್ತಾನೆ, ಆಗಲೇ ಕುತ್ತಿಗೆಗೆ ಅಪಾಯ. ಇದನ್ನು ಯಾವ ಕೋಚನ್ನು ಕೇಳಿದರೂ ಹೇಳುತ್ತಾರೆ. 49–0 ಆದ ಮೇಲೆ ಆ ಹೊತ್ತಿನಲ್ಲಿ ಯಾರಿಗೂ ಗೆಲ್ಲುವುದಕ್ಕೆ ಏನೂ ಉಳಿದಿರಲಿಲ್ಲ, ಪೆಟ್ಟು ತಿನ್ನುವುದು ಮಾತ್ರ ಉಳಿದಿತ್ತು.

ಈಗ ನಿಯಮದ ವಿಚಾರ. ಅಮೆರಿಕದ ಬಹುತೇಕ ರಾಜ್ಯಗಳ ಹೈಸ್ಕೂಲುಗಳು ತಮ್ಮದೇ ಹೈಸ್ಕೂಲ್ ನಿಯಮ ಪುಸ್ತಕ ಇಟ್ಟುಕೊಂಡು ಆಡುತ್ತವೆ. ಟೆಕ್ಸಾಸ್ ಮಾತ್ರ ಕಾಲೇಜು ಫುಟ್‌ಬಾಲಿನ ಪುಸ್ತಕವನ್ನು ಹಿಡಿದಿದೆ. ಆ ಪುಸ್ತಕದಲ್ಲಿ ಉಳಿದ ಕ್ವಾರ್ಟರುಗಳನ್ನು ಚಿಕ್ಕದು ಮಾಡುವುದಕ್ಕೆ ದಾರಿ ಇದೆ. ಆದರೆ ಎರಡೂ ತಂಡದ ಮುಖ್ಯ ಕೋಚ್‌ಗಳು ಮತ್ತು ರೆಫರಿ, ಮೂವರೂ ಒಪ್ಪಬೇಕು. ಕಾಲೇಜಿನಲ್ಲಿ ಅದು ಸರಿ ಇರಬಹುದು. ಅಲ್ಲಿ ಆಡುವವರು ದೊಡ್ಡವರು, ಹಲವರು ಸ್ಕಾಲರ್‌ಶಿಪ್ ಪಡೆದು ಬಂದವರು, ಬದಲಿ ಆಟಗಾರರು ಬೇಕಾದಷ್ಟು ಇರುತ್ತಾರೆ. ಹದಿನೈದು ಹದಿನಾರು ವರ್ಷದ ಹುಡುಗರಿಗೆ ಅದೇ ಅಳತೆ ಯಾಕೆ?

ಮತ್ತೆ, ಟೆಕ್ಸಾಸಿಗೆ ಇದು ಹೊಸ ವಿಚಾರವೂ ಅಲ್ಲ. ಪಶ್ಚಿಮ ಟೆಕ್ಸಾಸಿನ ಸಣ್ಣ ಸಣ್ಣ ಊರುಗಳ ಶಾಲೆಗಳಲ್ಲಿ ಆರು ಮಂದಿಯ ಫುಟ್‌ಬಾಲ್ ಆಡುತ್ತಾರೆ. ಹನ್ನೊಂದು ಹುಡುಗರನ್ನು ಒಟ್ಟುಹಾಕಲಾಗದ ಊರುಗಳಿಗಾಗಿ 1934ರಲ್ಲಿ ನೆಬ್ರಾಸ್ಕದಲ್ಲಿ ಶುರುವಾದ ಆಟ ಅದು. 80 ಗಜದ ಅಂಗಳ, ಚೆಂಡು ತಮ್ಮ ಕೈಲೇ ಉಳಿಯಬೇಕಾದರೆ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜದ ಬದಲು ಹದಿನೈದು ಗಜ ಮುಂದೆ ಹೋಗಬೇಕು. ಅಲ್ಲಿ ಒಂದು ನಿಯಮ ಇದೆ. ಅರ್ಧ ಆಟದ ಹೊತ್ತಿಗೆ ಅಥವಾ ಅದಾದ ಮೇಲೆ ಯಾವಾಗಲಾದರೂ ವ್ಯತ್ಯಾಸ 45 ಅಂಕ ಆಯಿತು ಅಂದರೆ ಪಂದ್ಯ ಮುಗಿಯಿತು. ಗಡಿಯಾರ ಓಡಿಸುವುದಲ್ಲ, ಪಂದ್ಯವನ್ನೇ ಮುಗಿಸುತ್ತಾರೆ. ಯಾರ ಒಪ್ಪಿಗೆಯೂ ಬೇಡ. ಅಲ್ಲಿನ ಜನ ಅದನ್ನು ಅವಮಾನ ಅಂದುಕೊಳ್ಳುವುದಿಲ್ಲ. ಎದುರಿನವರನ್ನು ಹಾಗೆ ಬೇಗ ಮನೆಗೆ ಕಳಿಸಿದೆವು ಅಂತ ಗೆದ್ದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಸೋತವರು ಬಸ್ ಹತ್ತಿ ಹೊರಡುತ್ತಾರೆ, ಮುಂದಿನ ವಾರ ಮತ್ತೆ ಆಡುತ್ತಾರೆ. ಹಳ್ಳಿಯ ಹುಡುಗನಿಗೆ ಕೊಟ್ಟ ಈ ಕಾಳಜಿ ಪಟ್ಟಣದ ಹುಡುಗನಿಗೆ ಯಾಕಿಲ್ಲ? ಆರು ಮಂದಿ ಆಡಿದರೆ ಸುಸ್ತಾಗುತ್ತದೆ, ಹನ್ನೊಂದು ಮಂದಿ ಆಡಿದರೆ ಸುಸ್ತಾಗುವುದಿಲ್ಲ ಅಂತ ಇದೆಯಾ?

ಇಂಥ ಸೋಲು ಸುದ್ದಿಯಾದಾಗಲೆಲ್ಲ ಜನ ಗೆದ್ದ ಕೋಚ್ ಮೇಲೆ ಬೀಳುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ನಮ್ಮ ಪಕ್ಕದಲ್ಲೇ ನಡೆದದ್ದನ್ನು ನೋಡಿ. 2013ರ ಅಕ್ಟೋಬರ್‌ನಲ್ಲಿ ಆಲೀಡೋ ತಂಡ ಫೋರ್ಟ್ ವರ್ತಿನ ವೆಸ್ಟರ್ನ್ ಹಿಲ್ಸ್ ಶಾಲೆಯ ಮೇಲೆ 91–0 ಗೆದ್ದಿತು. ಆಲೀಡೋ ಎಷ್ಟೋ ಸಲ ರಾಜ್ಯ ಚಾಂಪಿಯನ್ ಆದ ತಂಡ. ಸೋತ ಕಡೆಯ ಒಬ್ಬ ಪೋಷಕರು ಗೆದ್ದ ಕೋಚ್ ಟಿಮ್ ಬ್ಯುಕಾನನ್ ಮೇಲೆ, ಇದು ನಮ್ಮ ಮಕ್ಕಳಿಗೆ ಮಾಡಿದ ಕಿರುಕುಳ ಅಂತ ದೂರು ಕೊಟ್ಟರು. ದೇಶದ ತುಂಬ ಸುದ್ದಿಯಾಯಿತು. ಆದರೆ ಬ್ಯುಕಾನನ್ ತಮ್ಮ ಮುಖ್ಯ ಆಟಗಾರರನ್ನು ಬೇಗನೆ ಹೊರಗೆ ಕೂರಿಸಿದ್ದರು, ಮೂರನೇ ಕ್ವಾರ್ಟರಿನಿಂದ ಗಡಿಯಾರ ಓಡಿಸಲು ಒಪ್ಪಿದ್ದರು. ಸೋತ ತಂಡದ ಕೋಚ್ ಕೂಡ ಅವರದ್ದೇನೂ ತಪ್ಪಿಲ್ಲ ಅಂದರು. ವಿಚಾರಣೆಯಲ್ಲಿ ಕಿರುಕುಳ ಅನ್ನುವುದು ನಿಲ್ಲಲಿಲ್ಲ. ಮೊದಲ ಸಲ ಆಡಲು ಇಳಿದ ಮೂರನೇ ಸಾಲಿನ ಹುಡುಗನಿಗೆ ಓಡಬೇಡ, ಬಿದ್ದುಬಿಡು ಅಂತ ಯಾವ ಕೋಚ್ ಹೇಳಲು ಸಾಧ್ಯ? ಹೇಳಿದರೆ ಅದು ಎರಡೂ ಕಡೆಯವರಿಗೆ ಮಾಡುವ ಅವಮಾನ.

ಆಲೀಡೋದಿಂದ ನಾನು ತಿಳಿದುಕೊಂಡಿದ್ದು ಇದು. ಗಡಿಯಾರ ಓಡಿಸಿದರೂ 91 ಆಯಿತು. ಅಂದರೆ ಗಡಿಯಾರ ಓಡಿಸುವುದು ಅಂಕ ಕಡಿಮೆ ಮಾಡುವ ಮಂತ್ರವೇನಲ್ಲ. ನಾನು ಅಂಕ ಕಡಿಮೆ ಮಾಡಿ ಅಂತ ಕೇಳುತ್ತಲೂ ಇಲ್ಲ. 70 ಆಗಲಿ, 80 ಆಗಲಿ, ಬರೆದುಕೊಳ್ಳಿ. ಹೊತ್ತು ಕಡಿಮೆ ಮಾಡಿ ಅಂತ ಕೇಳುತ್ತಿದ್ದೇನೆ.

ಅಂಕಕ್ಕೆ ಶಿಕ್ಷೆ ಇಟ್ಟ ಕಡೆ ಏನಾಯಿತು ಅಂತಲೂ ನೋಡಿದೆ. ಕನೆಕ್ಟಿಕಟ್ ರಾಜ್ಯ 2006ರಲ್ಲಿ 50ಕ್ಕಿಂತ ಜಾಸ್ತಿ ಅಂಕದಿಂದ ಗೆದ್ದರೆ ಕೋಚ್‌ಗೆ ಮುಂದಿನ ಪಂದ್ಯ ಇಲ್ಲ ಅಂತ ನಿಯಮ ಮಾಡಿತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ನಾಸೌ ಕೌಂಟಿಯಲ್ಲಿ ಮಿತಿ 42. 2019ರಲ್ಲಿ ಅಲ್ಲಿನ ಪ್ಲೇನೆಡ್ಜ್ ತಂಡ 61–13ರಲ್ಲಿ ಗೆದ್ದಾಗ ಅದರ ಕೋಚ್‌ಗೆ ಒಂದು ಪಂದ್ಯದ ಅಮಾನತು ಆಯಿತು. ಆ ಶಿಕ್ಷೆಯಿಂದ ಸೋತ ಹುಡುಗರಿಗೆ ಏನು ಸಿಕ್ಕಿತು? ಏನೂ ಇಲ್ಲ. ಅವರು ಪೂರ್ತಿ ಹೊತ್ತು ಆಡಿ ಆಗಿತ್ತು. ಜೊತೆಗೆ, ನಿಮ್ಮಿಂದಾಗಿ ಒಬ್ಬ ಕೋಚ್ ಮನೆಯಲ್ಲಿ ಕೂರಬೇಕಾಯಿತು ಅನ್ನುವ ಮಾತು ಬೇರೆ. ತಪ್ಪು ಆಗಿಹೋದ ಮೇಲೆ ಶಿಕ್ಷೆ ಕೊಡುವುದಕ್ಕಿಂತ ಅದು ಆಗುತ್ತಿರುವಾಗಲೇ ನಿಲ್ಲಿಸಲು ಒಂದು ದಾರಿ ಬೇಕು ಅಲ್ವಾ?

ಹಾಗಂತ ಎಲ್ಲ ಕೋಚ್‌ಗಳೂ ಬ್ಯುಕಾನನ್ ಥರ ಇರುವುದಿಲ್ಲ. 2021ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ಇಂಗಲ್‌ವುಡ್ ಹೈಸ್ಕೂಲ್ ಮಾರ್ನಿಂಗ್‌ಸೈಡ್ ಹೈಸ್ಕೂಲ್ ಮೇಲೆ 106–0 ಗೆದ್ದಿತು. ಮೊದಲ ಕ್ವಾರ್ಟರ್ ಮುಗಿದಾಗಲೇ 59–0. ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) 13 ಟಚ್‌ಡೌನ್ ಪಾಸ್ ಎಸೆದ. 104–0 ಇರುವಾಗ ಒಂದು ಅಂಕದ ಒದೆತ ಬಿಟ್ಟು, ಚೆಂಡನ್ನು ಮತ್ತೆ ತುದಿ ದಾಟಿಸಿದರೆ ಸಿಗುವ ಎರಡು ಅಂಕಕ್ಕೆ ಹೋದರು. ಇದಕ್ಕೆ ಸಮರ್ಥನೆ ಇಲ್ಲ. ಶಾಲೆ ಆಮೇಲೆ ಕ್ಷಮೆ ಕೇಳಿತು. ಎರಡೂ ಒಂದೇ ಊರಿನ ಶಾಲೆಗಳು, ಒಂದೇ ಶಾಲಾ ಆಡಳಿತದ ಕೆಳಗಿದ್ದವು, ಹುಡುಗರು ಒಂದೇ ಅಂಗಡಿಯಲ್ಲಿ ಹೇರ್‌ಕಟ್ ಮಾಡಿಸಿಕೊಳ್ಳುವ ದೂರ. ಎದುರಿನವರ ಒಳ್ಳೆಯ ಮನಸ್ಸನ್ನು ನಂಬಿ ನಿಯಮ ಮಾಡಿದರೆ ಒಳ್ಳೆಯ ಮನಸ್ಸು ಇಲ್ಲದ ದಿನ ಏನಾಗುತ್ತದೆ ಅನ್ನುವುದಕ್ಕೆ ಆ ರಾತ್ರಿ ಸಾಕ್ಷಿ.

ಅದೇ ಮಾರ್ನಿಂಗ್‌ಸೈಡ್ ಒಂದು ಕಾಲಕ್ಕೆ ಗೆಲ್ಲುವ ಕಡೆಯಲ್ಲೂ ಇತ್ತು. 1990ರ ಫೆಬ್ರವರಿಯಲ್ಲಿ ಆ ಶಾಲೆಯ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ ಲೀಸಾ ಲೆಸ್ಲಿ ಅರ್ಧ ಆಟದಲ್ಲೇ 101 ಅಂಕ ಗಳಿಸಿದಳು. ಮುಂದೆ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದ ಅದೇ ಲೀಸಾ ಲೆಸ್ಲಿ. ಅರ್ಧಕ್ಕೆ 102–24. ಎದುರಾಳಿ ಸೌತ್ ಟಾರೆನ್ಸ್ ಶಾಲೆಯ ಹುಡುಗಿಯರು ಆಮೇಲೆ ಅಂಗಳಕ್ಕೆ ಬರಲೇ ಇಲ್ಲ. ಆ ಕಥೆಯನ್ನು ಎಲ್ಲರೂ ಲೆಸ್ಲಿಯ ಕಥೆ ಅಂತ ಹೇಳುತ್ತಾರೆ, ಇನ್ನು ಸ್ವಲ್ಪ ಹೊತ್ತು ಆಡಿದ್ದರೆ ದಾಖಲೆ ಆಗುತ್ತಿತ್ತು ಅಂತ. ನನಗೆ ವಾಪಸ್ ಬರದೆ ಹೋದ ಹುಡುಗಿಯರ ನೆನಪೇ ಜಾಸ್ತಿ. ಸೋಲುತ್ತಿರುವವರ ಕೈಲಿ ಅವತ್ತು ಇದ್ದದ್ದು ಎರಡೇ ದಾರಿ. ಕೊನೆಯವರೆಗೆ ಹೊಡೆಸಿಕೊಳ್ಳುವುದು, ಇಲ್ಲ ಬಿಟ್ಟು ಹೋಗುವುದು. ಬಿಟ್ಟು ಹೋದರೆ ಹೇಡಿಗಳು ಅನ್ನುತ್ತಾರೆ. ನಮ್ಮ ಹುಡುಗರು ಬಿಟ್ಟು ಹೋಗುವವರಲ್ಲ, ನಾನು ಹಾಗೆ ಮಾಡಿ ಅಂತಲೂ ಹೇಳುವುದಿಲ್ಲ. ಆದರೆ ಇವೆರಡರ ನಡುವೆ ಮರ್ಯಾದೆಯ ಮೂರನೇ ದಾರಿ ಒಂದು ಬೇಕು. ಆಟ ಪೂರ್ತಿ ಮಾಡುತ್ತೇವೆ, ಗಡಿಯಾರ ಓಡಲಿ, ಅಂತ ಹೇಳುವ ದಾರಿ.

ನಮ್ಮ ತಂಡ ಇಷ್ಟು ಚಿಕ್ಕದಾಗಿದ್ದು ಯಾಕೆ ಅಂತ ಯಾರಾದರೂ ಕೇಳಬಹುದು. ಇಲ್ಲಿನ ಶಾಲಾ ಆಟಗಳನ್ನು ನಡೆಸುವ ಯುಐಎಲ್ ಎರಡು ವರ್ಷಕ್ಕೊಮ್ಮೆ ಶಾಲೆಗಳನ್ನು ಮಕ್ಕಳ ಸಂಖ್ಯೆಯ ಮೇಲೆ 1ಎ ಇಂದ 6ಎ ವರೆಗೆ ವಿಂಗಡಿಸಿ, ಯಾರು ಯಾರ ಜೊತೆ ಆಡಬೇಕು ಅಂತ ಫೆಬ್ರವರಿಯಲ್ಲಿ ಪಟ್ಟಿ ಹೊರಡಿಸುತ್ತದೆ. ಆ ಬೆಳಿಗ್ಗೆ ಟೆಕ್ಸಾಸಿನ ಕೋಚ್‌ಗಳೆಲ್ಲ ಕಾದು ಕೂತಿರುತ್ತಾರೆ. ತಲೆ ಎಣಿಸುವುದು ನ್ಯಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ಸಾವಿರ ಮಕ್ಕಳಿರುವ ಒಂದು ಶಾಲೆಯ ಹುಡುಗರು ಏಳನೇ ಕ್ಲಾಸಿನಿಂದ ಖಾಸಗಿ ತರಬೇತಿಗೆ ಹೋಗುತ್ತಾರೆ, ಅಷ್ಟೇ ಮಕ್ಕಳಿರುವ ಇನ್ನೊಂದು ಶಾಲೆಯ ಹುಡುಗರು ಸಂಜೆ ಕಿರಾಣಿ ಅಂಗಡಿಯಲ್ಲಿ ಚೀಲ ತುಂಬುತ್ತಾರೆ. ಮಿನೆಸೋಟ, ಒರೆಗಾನ್ ಥರದ ರಾಜ್ಯಗಳಲ್ಲಿ ಶಾಲೆಯಲ್ಲಿ ಬಡ ಮಕ್ಕಳು ಎಷ್ಟಿದ್ದಾರೆ ಅನ್ನುವುದನ್ನೂ ವಿಂಗಡಣೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಇಲ್ಲಿ ಅದಿಲ್ಲ. ಇದರ ಮೇಲೆ 1984ರಿಂದ ಬಂದ ಕಾನೂನು, ಪಾಸಾಗದಿದ್ದರೆ ಆಟ ಇಲ್ಲ. ಮೊದಲ ಆರು ವಾರದ ಮಾರ್ಕ್ಸ್ ಬಂದಾಗ ಒಂದು ವಿಷಯದಲ್ಲಿ ಫೇಲಾದರೂ ಮೂರು ವಾರ ಪಂದ್ಯಕ್ಕೆ ಇಳಿಯುವ ಹಾಗಿಲ್ಲ. ಒಳ್ಳೆಯ ಕಾನೂನು, ನಾನು ಅದರ ಪರ. ಆದರೆ ಚಿಕ್ಕ ತಂಡದಲ್ಲಿ ನಾಲ್ಕು ಹುಡುಗರು ಹೋದರೆ ಅವರ ಜಾಗಕ್ಕೆ ಬರುವವರು ಯಾರೂ ಇರುವುದಿಲ್ಲ, ಇರುವವರೇ ಇನ್ನೂ ಜಾಸ್ತಿ ಹೊತ್ತು ಆಡುತ್ತಾರೆ. ಹೋಮ್‌ಕಮಿಂಗ್ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ.

ವಿಂಗಡಣೆ ಬದಲಾಗಲು ವರ್ಷಗಳು ಬೇಕು, ಗೊತ್ತು. ಅದಕ್ಕೇ ಈ ಪತ್ರದಲ್ಲಿ ಅದನ್ನು ಕೇಳುತ್ತಿಲ್ಲ. ಗಡಿಯಾರಕ್ಕೆ ಏನೂ ಖರ್ಚಿಲ್ಲ.

ಈಗ ನಮ್ಮವರಿಗೆ ಒಂದೆರಡು ಮಾತು. ಆ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಅಂಕಪಟ್ಟಿಯ ಫೋಟೋ ಹಾಕಿ, ಇಷ್ಟು ಸೋಲುವುದಾದರೆ ಯಾಕೆ ಆಡಬೇಕು, ಆ ಹೊತ್ತಲ್ಲಿ ಕಾಲೇಜು ಪ್ರವೇಶದ ಎಸ್ಎಟಿ ಪರೀಕ್ಷೆಗೆ ಓದಬಹುದಿತ್ತಲ್ಲ ಅಂತ ಬರೆದರು. ಕೆಳಗೆ ನಗುವ ಮುಖಗಳು. ಬೇಜಾರಾಯಿತು. ಆಗಸ್ಟಿನ ಬಿಸಿಲಲ್ಲಿ ಬೆಳಿಗ್ಗೆ ಆರಕ್ಕೆ ಅಭ್ಯಾಸಕ್ಕೆ ಹೋದ ಹುಡುಗರು ಅವರು. ಸೋಲುತ್ತೇವೆ ಅಂತ ಗೊತ್ತಿದ್ದೂ ಎರಡನೇ ಅರ್ಧಕ್ಕೆ ಹೆಲ್ಮೆಟ್ ಕಟ್ಟಿಕೊಂಡು ಹೊರಗೆ ಬಂದರು. ನಮ್ಮ ಆಫೀಸುಗಳಲ್ಲಿ ಒಂದು ಪ್ರಾಜೆಕ್ಟ್ ಕೆಟ್ಟರೆ ನಾವು ಎಷ್ಟು ಜನ ಹಾಗೆ ಬರುತ್ತೇವೆ? ಆ ಹಾಸನದ ಹುಡುಗನ ತಾಯಿಯೂ ಅದೇ ಗುಂಪಿನಲ್ಲಿದ್ದಾರೆ, ಅವರೂ ಅದನ್ನು ಓದಿದರು. ದಯವಿಟ್ಟು ಯೋಚನೆ ಮಾಡಿ ಬರೆಯಿರಿ.

ಇನ್ನೊಂದು. ಬ್ಯಾಂಡಿನ ಕಾರ್ಯಕ್ರಮ ಅರ್ಧ ಆಟದಲ್ಲಿ ಮುಗಿದ ತಕ್ಷಣ ನಮ್ಮಲ್ಲಿ ಬಹಳ ಜನ ಎದ್ದು ಕಾರಿಗೆ ಹೋಗುತ್ತಾರೆ. ಸಣ್ಣ ಮಕ್ಕಳಿದ್ದರೆ, ದೂರ ಹೋಗಬೇಕಾದರೆ ಸರಿ. ಇಲ್ಲದವರು ಕೂತಿರಿ. ಬ್ಯಾಂಡಿನ ಮಕ್ಕಳು ಕೊನೆಯವರೆಗೂ ಅಲ್ಲೇ ಇರುತ್ತಾರೆ, ತಂಡ 63–0 ಹಿಂದೆ ಇದ್ದಾಗಲೂ ಪಂದ್ಯ ಮುಗಿಯುವ ತನಕ ನುಡಿಸುತ್ತಾರೆ, ಕೊನೆಗೆ ಸೋತ ಹುಡುಗರು ಬಂದು ಅವರ ಮುಂದೆ ಸಾಲಾಗಿ ನಿಂತು ಹೆಲ್ಮೆಟ್ ಮೇಲೆತ್ತಿ ಶಾಲೆಯ ಹಾಡಿಗೆ ದನಿಗೂಡಿಸುತ್ತಾರೆ. ಆಗ ಹಿಂದೆ ಬೆಂಚು ಖಾಲಿ ಇರಬಾರದು.

ನಿಯಮ ಮಾಡುವವರ ಕಡೆಯಿಂದ ಬರಬಹುದಾದ ಆಕ್ಷೇಪಣೆ ನನಗೆ ಗೊತ್ತಿದೆ, ಅದು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಗಡಿಯಾರ ಓಡಿಸಿದರೆ ಎದುರಿನ ತಂಡದ ಬೆಂಚಿನ ಹುಡುಗರಿಗೆ ಆಡುವ ಹೊತ್ತು ಕಡಿಮೆಯಾಗುತ್ತದೆ. ಅವರೂ ಮಕ್ಕಳೇ, ವಾರವಿಡೀ ಅಭ್ಯಾಸ ಮಾಡಿದವರೇ, ಅವರ ಅಪ್ಪ ಅಮ್ಮನೂ ಬಂದು ಕೂತಿರುತ್ತಾರೆ. ಅದಕ್ಕೆ ನನ್ನ ಉತ್ತರ, ಅವರನ್ನು ಎರಡನೇ ಕ್ವಾರ್ಟರಿನಲ್ಲೇ ಇಳಿಸಿ. ನಮ್ಮ ಪಂದ್ಯದಲ್ಲಿ ಮೊದಲ ಕ್ವಾರ್ಟರಿನ ಕೊನೆಗೆ 28–0 ಇತ್ತು, ಯಾರು ಗೆಲ್ಲುತ್ತಾರೆ ಅಂತ ಪಾಪ್‌ಕಾರ್ನ್ ಮಾರುವವರಿಗೂ ಗೊತ್ತಿತ್ತು. ಬೆಂಚಿನವರಿಗೆ ಹೊತ್ತು ಬೇಕು ಅಂದರೆ ಮುಖ್ಯ ಆಟಗಾರರನ್ನು ಬೇಗ ಕೂರಿಸಬೇಕು, ಗಡಿಯಾರವನ್ನು ನಿಲ್ಲಿಸಿ ನಮ್ಮವರ ಹೊತ್ತು ತೆಗೆದುಕೊಳ್ಳಬಾರದು. ಮತ್ತೆ, ಇದು ಕಡ್ಡಾಯವೂ ಅಲ್ಲ. ನಮ್ಮ ಕೋಚ್‌ಗೆ ತಮ್ಮ ಹುಡುಗರು ಇನ್ನೂ ಆಡಬೇಕು, ಒಂದಾದರೂ ಟಚ್‌ಡೌನ್ ಗಳಿಸಬೇಕು ಅನ್ನಿಸಿದರೆ ಅವರು ಕೇಳುವುದಿಲ್ಲ, ಗಡಿಯಾರ ಮಾಮೂಲಿನಂತೆ ನಡೆಯುತ್ತದೆ. ಕೆಲವು ರಾತ್ರಿ ಹಾಗೂ ಅನ್ನಿಸುತ್ತದೆ. ಹುಡುಗರ ಮುಖ ನೋಡಿ, ಎಷ್ಟು ಮಂದಿ ಕುಂಟುತ್ತಿದ್ದಾರೆ ಅಂತ ನೋಡಿ ಹೇಳಬಲ್ಲವರು ಅವರೊಬ್ಬರೇ. ಅದಕ್ಕೇ ಮಾತು ಅವರ ಬಾಯಲ್ಲಿರಲಿ ಅನ್ನುತ್ತಿದ್ದೇನೆ.

ಯುಐಎಲ್‌ನ ನಿಯಮ ಮಂಡಳಿ ಜೂನ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಸೇರುತ್ತದೆ. ಮಂಡಳಿಯಲ್ಲಿರುವವರು ಶಾಲಾ ಜಿಲ್ಲೆಗಳ ಸೂಪರಿಂಟೆಂಡೆಂಟರು. ಓದುತ್ತಿರುವ ಕನ್ನಡದವರಲ್ಲಿ ಕೇಳಿಕೊಳ್ಳುವುದು ಇಷ್ಟು, ನಿಮ್ಮ ಜಿಲ್ಲೆಯ ಸೂಪರಿಂಟೆಂಡೆಂಟರಿಗೆ ಒಂದು ಇಮೇಲ್ ಬರೆಯಿರಿ. ಉದ್ದ ಬೇಡ. ಹನ್ನೊಂದು ಮಂದಿಯ ಆಟದಲ್ಲಿ ಅರ್ಧಕ್ಕೆ 40 ಅಂಕ ದಾಟಿದರೆ, ಹಿಂದಿರುವ ಕೋಚ್ ಕೇಳಿದರೆ, ಗಡಿಯಾರ ಓಡಲಿ. ಆರು ಮಂದಿಯ ಆಟದ 45 ಅಂಕದ ನಿಯಮವನ್ನೂ ಅದರಲ್ಲಿ ನೆನಪಿಸಿ. ನಿಮ್ಮ ಮಗು ಬ್ಯಾಂಡಿನಲ್ಲಿದ್ದರೂ ಬರೆಯಿರಿ, ಗೆಲ್ಲುವ ಶಾಲೆಯಲ್ಲಿದ್ದರಂತೂ ಖಂಡಿತ ಬರೆಯಿರಿ, ಗೆಲ್ಲುವ ಕಡೆಯಿಂದ ಬಂದ ಮಾತಿಗೆ ತೂಕ ಜಾಸ್ತಿ. ಬರೆಯಲು ಸಹಾಯ ಬೇಕಿದ್ದರೆ ನಾನು ಬರೆದದ್ದನ್ನೇ ತೆಗೆದುಕೊಳ್ಳಿ, ಹೆಸರು ಬದಲಿಸಿ ಕಳಿಸಿ.

ಇಂತಿ,
ಉತ್ತರ ಟೆಕ್ಸಾಸಿನ ಒಬ್ಬ ಕನ್ನಡಿಗ, ಸೋತ ತಂಡದ ಅಭಿಮಾನಿ